ಹೆರಿಗೆ ತರಗತಿಗೆ ಸೇರುವ ಮುನ್ನ ಬಾಣಂತನ ಎಲ್ಲೆಂದು ಕೇಳಿಕೊಳ್ಳಿ

ಸೀಮಂತ ಮುಗಿಸಿ, ಮಡಿಲು ತುಂಬಿಸಿಕೊಂಡು ಹೆಣ್ಣುಮಗಳು ತವರಿಗೆ ಹೊರಡುವುದು ನಮ್ಮ ಮಂಡ್ಯ ಕಡೆಯ ರೂಢಿ. ಅಲ್ಲಿಯವರೆಗೆ ಕೆ.ಆರ್.ಪೇಟೆಯಲ್ಲಿ ತೋರಿಸಿಕೊಂಡಿದ್ದವಳು ಅಲ್ಲಿಂದಾಚೆ ಪಾಂಡವಪುರದಲ್ಲೋ ನಾಗಮಂಗಲದಲ್ಲೋ ತೋರಿಸಿಕೊಳ್ಳಬೇಕು. ಡಾಕ್ಟರು ಬೇರೆ, ಸಿಸ್ಟರು ಬೇರೆ, ಆಶಾ ಕಾರ್ಯಕರ್ತೆಯೂ ಬೇರೆ. ಈ ನಡುವೆ ಗಂಡ ಮೊಬೈಲಿನಲ್ಲಿ ಹುಡುಕಿ ಮೈಸೂರಿನ ಹೆರಿಗೆ ತರಗತಿಯೊಂದಕ್ಕೆ ದುಡ್ಡು ಕಟ್ಟಿರುತ್ತಾನೆ. ಅರ್ಧ ಪಾಠ ಮುಗಿಯುವ ಹೊತ್ತಿಗೆ ಅವಳು ತವರಿನಲ್ಲಿರುತ್ತಾಳೆ. ಇನ್ನು ಪೂರ್ತಿ ಕಲಿತರೂ ಕಲಿತವಳು ಅವಳೊಬ್ಬಳೇ. ಮಗುವಿಗೆ ನೀರು ಹಾಕುವವರು ಅಜ್ಜಿ, ಪಥ್ಯ ಹೇಳುವವರು ದೊಡ್ಡಮ್ಮ, ಅತ್ತಾಗ ಎತ್ತಿಕೊಳ್ಳುವವರು ಮನೆಮಂದಿಯೆಲ್ಲ. ತರಗತಿಯಲ್ಲಿ ಹೇಳಿದ್ದಕ್ಕೂ ಮನೆಯಲ್ಲಿ ನಡೆಯುವುದಕ್ಕೂ ತಾಳೆಯಾಗದೆ, ಹಸಿ ಬಾಣಂತಿ ನಡುವೆ ಸಿಕ್ಕಿಕೊಳ್ಳುತ್ತಾಳೆ.

ಹೆರಿಗೆ ಮತ್ತು ಶಿಶು ಆರೈಕೆಯ ತರಗತಿಗೆ ಹೋಗಬೇಕೇ ಎಂದರೆ ಖಂಡಿತ ಹೋಗಿ. ಆದರೆ ಶುಲ್ಕ ನೋಡಿಯೋ ಜಾಹೀರಾತು ನೋಡಿಯೋ ಆರಿಸಬೇಡಿ. ಹೆರಿಗೆ ಎಲ್ಲಿ, ಬಾಣಂತನ ಯಾರ ಕೈಯಲ್ಲಿ ಎಂಬ ಎರಡು ವಿಷಯ ಮೊದಲು ತೀರ್ಮಾನವಾಗಲಿ. ಬಾಣಂತನ ಮಾಡುವವರ ಕಿವಿಗೆ ಬೀಳದ ಪಾಠದಿಂದ ಮಗುವಿಗೆ ದೊಡ್ಡ ಪ್ರಯೋಜನವಾಗುವುದಿಲ್ಲ.

ತರಗತಿಯಿಂದ ಆಗುವ ಉಪಯೋಗವೇನು?

ಹಿಂದೆ ಬಸುರಿಗೆ ಧೈರ್ಯ ಹೇಳುತ್ತಿದ್ದವಳು, ನೋವಿನಲ್ಲಿ ಬೆನ್ನು ನೀವುತ್ತಿದ್ದವಳು, ಮಗುವಿಗೆ ಮೊದಲ ನೀರು ಹಾಕುತ್ತಿದ್ದವಳು ಊರಿನ ಸೂಲಗಿತ್ತಿ. ಪಾವಗಡದ ಕಡೆ ಸಾವಿರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಈಗ ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆ. ಅದರಿಂದ ಉಳಿದ ಜೀವಗಳು ಲೆಕ್ಕವಿಲ್ಲದಷ್ಟು. ಆದರೆ ಒಬ್ಬ ಸಿಸ್ಟರ್ ನಾಲ್ಕು ಮಂಚ ನೋಡಿಕೊಳ್ಳುವ ಕಡೆ, ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿಕೊಡಲು ಪುರಸೊತ್ತು ಎಲ್ಲಿಂದ ಬರಬೇಕು? ಆ ಕೆಲಸ ಹೆರಿಗೆಗೆ ಮುಂಚೆಯೇ ಆಗಬೇಕು.

ನೋವು ಏರಿಳಿಯುವಂತೆ ಮಾಡಿ ಗರ್ಭಕೋಶವನ್ನು ಹಿಂಡುವ ಹಾರ್ಮೋನಿನ ಹೆಸರು ಆಕ್ಸಿಟೋಸಿನ್. ಹೆದರಿದಾಗ, ಅಪರಿಚಿತರ ನಡುವೆ ಒಂಟಿ ಎನಿಸಿದಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ. ಅದು ಹೆಚ್ಚಾದರೆ ನೋವಿನ ಲಯ ತಪ್ಪಬಹುದು. ಹಲ್ಲು ಕಚ್ಚಿ ಮೈ ಬಿಗಿಹಿಡಿದಷ್ಟೂ ನೋವು ಹೆಚ್ಚು ಅನಿಸುತ್ತದೆ, ಸುಸ್ತೂ ಬೇಗ ಆಗುತ್ತದೆ. ಮುಂದೇನು ಎಂದು ಗೊತ್ತಿದ್ದವಳಿಗೆ ಭಯ ಅಷ್ಟರಮಟ್ಟಿಗೆ ಕಡಿಮೆ. ಫ್ರಾನ್ಸಿನ ವೈದ್ಯ ಫರ್ನಾಂಡ್ ಲಮಾಜ್ 1950ರ ದಶಕದಲ್ಲಿ ಉಸಿರಾಟದ ತರಬೇತಿಯನ್ನು ಜನಪ್ರಿಯಗೊಳಿಸಿದ್ದು ಇದೇ ನಂಬಿಕೆಯ ಮೇಲೆ. ಉಸಿರಾಟಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಜೊತೆಗಾರ್ತಿಯ ಬಗ್ಗೆ. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಯಲ್ಲಿದ್ದು ಧೈರ್ಯ ಹೇಳಿದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಹೆರಿಗೆಯ ಅವಧಿಯೂ ಕೊಂಚ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಮನೆಯವರಿಗೂ ಗೊತ್ತಿರಬೇಕಾದ ಒಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಂತೆ, ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದ ಮೇಲೆ ಪೂರ್ತಿ 10 ಸೆಂ.ಮೀ. ಆಗಲು ಮೊದಲ ಹೆರಿಗೆಯಲ್ಲಿ 12 ಗಂಟೆಯವರೆಗೂ ಹಿಡಿಯಬಹುದು. 5 ಸೆಂ.ಮೀ. ಆಗುವ ಮುಂಚಿನ ಸಣ್ಣ ನೋವಿಗೆ ಇಷ್ಟೇ ಹೊತ್ತು ಎಂಬ ಲೆಕ್ಕವೇ ಇಲ್ಲ. ಇದು ಗೊತ್ತಿಲ್ಲದ ಮನೆಯವರು ಮೂರು ಗಂಟೆಗೇ ಗಾಬರಿಬಿದ್ದು, "ಇನ್ನೂ ಆಗ್ಲಿಲ್ವಲ್ಲ, ಆಪರೇಷನ್ ಮಾಡ್ಬುಡಿ ಡಾಕ್ಟ್ರೇ" ಎಂದು ಒತ್ತಾಯ ಮಾಡುವುದುಂಟು. ತರಗತಿಯಲ್ಲಿ ಜೊತೆಗೆ ಕೂತಿದ್ದ ತಾಯಿಯಾದರೆ ಆ ಹೊತ್ತಿನಲ್ಲಿ ಮಗಳ ಬೆನ್ನು ನೀವುತ್ತಿರುತ್ತಾಳೆ.

ದುಡ್ಡು ಕಟ್ಟುವ ಮುಂಚೆ ಊರಲ್ಲಿ ಏನಿದೆ ನೋಡಿ

ಬೋರ್ಡು ಹಾಕಿಕೊಂಡ ಹೆರಿಗೆ ತರಗತಿಗಳು ಮೈಸೂರು, ಬೆಂಗಳೂರಿನಂಥ ನಗರಗಳ ಮಾತು. ಶ್ರೀರಂಗಪಟ್ಟಣದವರಿಗೆ ಮೈಸೂರು ಪಕ್ಕದಲ್ಲೇ ಇದೆ. ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಿಂದ ಎಂಟನೇ ತಿಂಗಳಲ್ಲಿ ಬಸ್ಸು ಬದಲಿಸಿಕೊಂಡು ವಾರವಾರ ಹೋಗಿಬರುವುದು ಆಗುವ ಮಾತಲ್ಲ. ಹಾಗೆಂದು ಈ ತಾಲ್ಲೂಕುಗಳಲ್ಲಿ ಕಲಿಸುವವರೇ ಇಲ್ಲ ಎಂದುಕೊಳ್ಳಬೇಡಿ. ಒಂದೇ ಕೋಣೆಯಲ್ಲಿ ಸಿಗುವುದಿಲ್ಲ, ನಾಲ್ಕು ಕಡೆ ಹಂಚಿಹೋಗಿದೆ, ಅಷ್ಟೇ.

ಮೊದಲನೆಯದು ಅಂಗನವಾಡಿ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ನಾಲ್ಕಾರು ಬಸುರಿಯರು ಒಂದೇ ಹೊತ್ತಿಗೆ ಸೇರುವ ಜಾಗ ಅದು. ಅಲ್ಲಿಗೆ ಒಂದು ದಿನ ಬಂದು ಹಾಲುಣಿಸುವುದನ್ನು ತೋರಿಸಿಕೊಡಿ ಎಂದು ನಿಮ್ಮ ಉಪಕೇಂದ್ರದ ಸಿಸ್ಟರನ್ನು ಕೇಳಿನೋಡಿ. ಅಂಗನವಾಡಿಗಳಲ್ಲಿ ಸಾಮೂಹಿಕ ಸೀಮಂತವೂ ನಡೆಯುತ್ತದೆ. ಅತ್ತೆ, ಅಮ್ಮ, ಅತ್ತಿಗೆ ಎಲ್ಲರೂ ಬರುವುದರಿಂದ ಬಾಣಂತನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು.

ಎರಡನೆಯದು 9ನೇ ತಾರೀಖು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳು ಆ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳು ದಾಟಿದ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುತ್ತಾರೆ. ಜನಜಂಗುಳಿ ಇರುತ್ತದೆ, ನಿಜ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಿಗುವ ಐದು ನಿಮಿಷವೂ ಸಾರ್ಥಕ.

ಮೂರನೆಯದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇವೆ. ಹೆರಿಗೆ ಅಲ್ಲೇ ಆಗುವುದಿದ್ದರೆ ತಪಾಸಣೆಗೆ ಹೋದಾಗಲೇ ಗರ್ಭಿಣಿಯರಿಗೆ ಗುಂಪಾಗಿ ಹೇಳಿಕೊಡುವ ವ್ಯವಸ್ಥೆ ಉಂಟೇ ಎಂದು ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ನಿಮ್ಮ ದಿನಗಳು ಆ ಹೊತ್ತಿಗೆ ಹೊಂದಿಕೊಂಡರೆ ಬಿಡಬೇಡಿ.

ನಾಲ್ಕನೆಯದು ಆಶಾ ಕಾರ್ಯಕರ್ತೆ. ಇದರಷ್ಟು ಒಳ್ಳೆಯ ಶಿಶು ಆರೈಕೆ ಪಾಠ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬರಬೇಕೆಂಬುದು ಕಾರ್ಯಕ್ರಮದ ನಿಯಮ. ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಹಾಲು ಕುಡಿಯುವುದನ್ನು ನೋಡುತ್ತಾರೆ. ಅದೂ ಅಜ್ಜಿಯ ಎದುರಲ್ಲೇ. ತೊಡಕು ಎಲ್ಲಿ ಎಂದರೆ, ನೀವು ತವರಿಗೆ ಬಂದಿರುವುದು ಆ ಊರಿನ ಆಶಾಗೆ ಗೊತ್ತೇ ಇರುವುದಿಲ್ಲ. ತವರಿಗೆ ಬಂದ ವಾರದೊಳಗೆ ತಾಯಿ ಕಾರ್ಡು ಹಿಡಿದುಕೊಂಡು ಅವರನ್ನು ಕಂಡು ಬನ್ನಿ.

ಆರಿಸುವ ಕ್ರಮ

1. ಆರನೇ ತಿಂಗಳು ಮುಗಿಯುವ ಮುಂಚೆ ಹೆರಿಗೆಯ ಊರು ಮತ್ತು ಆಸ್ಪತ್ರೆ ತೀರ್ಮಾನವಾಗಲಿ. ಬಿ.ಪಿ., ಸಕ್ಕರೆ, ರಕ್ತಹೀನತೆ, ಅವಳಿ, ಹಿಂದಿನ ಸಿಸೇರಿಯನ್ ಇದ್ದರೆ ತಜ್ಞರೂ ರಕ್ತದ ವ್ಯವಸ್ಥೆಯೂ ಇರುವ ಆಸ್ಪತ್ರೆಯನ್ನೇ ನೋಡಿ. ತರಗತಿಯ ವಿಚಾರ ಆಮೇಲೆ.

2. ಏಳನೇ ತಿಂಗಳಲ್ಲಿ ಶುರುಮಾಡಿ, ಒಂಬತ್ತನೇ ತಿಂಗಳು ಹಿಡಿಯುವ ಮುಂಚೆ ಮುಗಿಸಿ. ತೀರಾ ಮುಂಚೆ ಕಲಿತರೆ ಮರೆತುಹೋಗುತ್ತದೆ. ತಡಮಾಡಿದರೆ, ದಿನ ತುಂಬುವ ಮುಂಚೆಯೇ ಹೆರಿಗೆಯಾದವರಿಗೆ ಪಾಠವೇ ಸಿಗುವುದಿಲ್ಲ. ಊಟದ ವಿಷಯ, ದಿನಕ್ಕೊಂದರಂತೆ ಕನಿಷ್ಠ 180 ಕಬ್ಬಿಣದ ಮಾತ್ರೆ ನುಂಗುವ ವಿಷಯ ಮಾತ್ರ ಅಲ್ಲಿಯವರೆಗೆ ಕಾಯಬಾರದು.

3. ಕಲಿಸುವವರು ಯಾರೆಂದು ಕೇಳಿ. ಲೇಬರ್ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್, ಹೆರಿಗೆ ತಜ್ಞೆ, ಹಾಲುಣಿಸುವ ಬಗ್ಗೆ ತರಬೇತಿ ಪಡೆದವರು, ವ್ಯಾಯಾಮಕ್ಕಾದರೆ ಫಿಸಿಯೋಥೆರಪಿಸ್ಟ್ ಆಗಿದ್ದರೆ ನೆಮ್ಮದಿ. ಗೋಡೆಯ ಮೇಲಿನ ಸರ್ಟಿಫಿಕೇಟಿಗಿಂತ, "ಕೊನೇ ಬ್ಯಾಚಿನ ತಾಯಂದಿರಿಗೆ ಹಾಲು ಕೊಡೋದ್ರಲ್ಲಿ ಏನು ತೊಂದರೆ ಬಂತು, ನೀವು ಏನು ಹೇಳಿದ್ರಿ?" ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರದಿಂದ ಹೆಚ್ಚು ತಿಳಿಯುತ್ತದೆ.

4. ಕೈಯಿಂದ ಮಾಡಿಸುತ್ತಾರೆಯೇ ನೋಡಿ. ಗೊಂಬೆ ಎತ್ತಿಕೊಳ್ಳುವುದು, ಬಟ್ಟೆ ಸುತ್ತುವುದು, ಎಡಮಗ್ಗುಲಲ್ಲಿ ಮಲಗುವುದು, ಕೂತು ಮುಂದಕ್ಕೆ ಬಾಗಿ ಉಸಿರುಬಿಡುವುದು, ಇವೆಲ್ಲ ಸ್ಲೈಡು ನೋಡಿ ಬರುವ ವಿದ್ಯೆಯಲ್ಲ. ಹತ್ತು ಹನ್ನೆರಡಕ್ಕಿಂತ ಹೆಚ್ಚು ಜನ ಇದ್ದರೆ ಎಲ್ಲರ ಕೈಗೂ ಗೊಂಬೆ ಬರುವುದಿಲ್ಲ.

5. ಅಮ್ಮನೋ ಅತ್ತೆಯೋ ಜೊತೆಗೆ ಬರಬಹುದೇ? ಒಂದು ಪಾಠಕ್ಕಾದರೂ ಬಿಡಬೇಕು. "ಗಂಡ ಹೆಂಡತಿ ಮಾತ್ರ" ಎನ್ನುವ ಕಡೆ ಈ ಸೀಮೆಯವರಿಗೆ ಅರ್ಧ ಪಾಠ ನಷ್ಟ. ಸಾಧ್ಯವಾದರೆ ಗಂಡನೂ ಇರಲಿ, ಬಾಣಂತನ ಮಾಡುವವರೂ ಇರಲಿ.

6. ಸಿಸೇರಿಯನ್ ಬಗ್ಗೆ ಹೇಳುತ್ತಾರೆಯೇ? ಆಪರೇಷನ್ ಆದ ತಾಯಿ ಹಾಲು ಕೊಡಲು ಮಗುವನ್ನು ಹೇಗೆ ಮಲಗಿಸಿಕೊಳ್ಳಬೇಕು, ಹೊಲಿಗೆ ಹೇಗೆ ನೋಡಿಕೊಳ್ಳಬೇಕು ಎಂಬುದು ಇಲ್ಲದ ತರಗತಿ ಅರೆಬರೆ.

7. ಹೆರಿಗೆಯಾದ ಮೊದಲ ಹದಿನೈದು ದಿನ ಫೋನು ಎತ್ತುತ್ತಾರೆಯೇ? ಹಾಲು ಕಟ್ಟಿಕೊಂಡು ಎದೆ ಕಲ್ಲಾಗುವುದು, ತೊಟ್ಟು ಬಿರಿಯುವುದು, ಮಗು ರಾತ್ರಿಯಿಡೀ ಅಳುವುದು ಎಲ್ಲ ಆಗಲೇ.

ಆನ್‌ಲೈನ್ ತರಗತಿಯೇ ಗತಿಯಾದರೆ ಕನ್ನಡದಲ್ಲಿ ಇರುವುದನ್ನೇ ಹುಡುಕಿ. ಮೊಬೈಲನ್ನು ನೀವೊಬ್ಬರೇ ಕಿವಿಗೆ ಸಿಕ್ಕಿಸಿಕೊಳ್ಳದೆ ನಡುಮನೆಯಲ್ಲಿಟ್ಟು ಎಲ್ಲರೂ ಕೇಳಿ. ಕೈಕೆಲಸವನ್ನು ಮಾತ್ರ ಊರಿನ ಸಿಸ್ಟರ್ ಹತ್ತಿರ ಕಲಿತುಕೊಳ್ಳಿ.

ಹಾಲುಣಿಸುವ ಪಾಠ ಹೇಗಿರಬೇಕು?

ಇದನ್ನು ವಿಸ್ತಾರವಾಗಿ ಹೇಳಲು ಕಾರಣವಿದೆ. ಹೊಸ ತಾಯಂದಿರು ಸೋತುಹೋಗುವುದು ಇಲ್ಲೇ, ತರಗತಿಗಳು ಅವಸರದಲ್ಲಿ ಮುಗಿಸುವುದೂ ಇದನ್ನೇ.

ಒಳ್ಳೆಯ ಶಿಕ್ಷಕಿ ಮೊದಲು ನಿಮ್ಮನ್ನು ಗೋಡೆಗೋ ದಿಂಬಿಗೋ ಒರಗಿಸಿ ಕೂರಿಸುತ್ತಾರೆ. ಗೊಂಬೆಯ ತಲೆ, ಬೆನ್ನು, ಸೊಂಟ ಒಂದೇ ನೇರಕ್ಕೆ ಬಂದು, ಹೊಟ್ಟೆಗೆ ಹೊಟ್ಟೆ ತಾಗಬೇಕು. ಕತ್ತು ಮಾತ್ರ ತಿರುಗಿಸಿದರೆ ಮಗು ನುಂಗಲಾರದು. ನೀವೇ ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಒಂದು ಗುಟುಕು ನೀರು ಕುಡಿದುನೋಡಿ. ಮಗುವಿನ ಮೂಗು ತೊಟ್ಟಿನ ಎದುರಿಗೆ ಬರಲಿ, ತುಟಿಗೆ ತೊಟ್ಟು ಸೋಕಲಿ, ಬಾಯಿ ಅಗಲವಾಗಿ ತೆರೆದಾಗ ಮಗುವನ್ನು ಎದೆಗೆ ತರಬೇಕು. ಎದೆಯನ್ನು ಮಗುವಿನ ಬಾಯಿಗೆ ತುರುಕಬಾರದು. ಸರಿಯಾಗಿ ಕಚ್ಚಿಕೊಂಡರೆ ಗಲ್ಲ ಎದೆಗೆ ಒತ್ತಿರುತ್ತದೆ, ಕೆಳತುಟಿ ಹೊರಕ್ಕೆ ಮಡಿಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪುಭಾಗ ಬಾಯಿಯ ಮೇಲುಗಡೆ ಹೆಚ್ಚು ಕಾಣುತ್ತದೆ, ಕೆಳಗೆ ಕಡಿಮೆ. ಬರೀ ತೊಟ್ಟು ಚೀಪಿದರೆ ಹಾಲೂ ಬರುವುದಿಲ್ಲ, ತೊಟ್ಟೂ ಬಿರಿಯುತ್ತದೆ.

ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಸಿಸೇರಿಯನ್ ಆದರೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮೊದಲ ದಿನ ಒಂದು ಸಲಕ್ಕೆ ಬರುವುದು ಒಂದು ಟೀ ಚಮಚದಷ್ಟು ಹಳದಿ ಹಾಲು. "ಹಾಲೇ ಬಂದಿಲ್ಲ ಕಣವ್ವ, ಮಗ ಹಸ್ಕೊಂಡದೆ" ಎಂದು ಮನೆಯವರು ಸಕ್ಕರೆ ನೀರಿಗೋ ಜೇನುತುಪ್ಪಕ್ಕೋ ಕೈಹಾಕುವುದು ಈ ಹೊತ್ತಿನಲ್ಲಿ. ಆ ಚಮಚದಷ್ಟೇ ಮಗುವಿಗೆ ಸಾಕು, ರೋಗ ತಡೆಯುವ ಶಕ್ತಿ ಇರುವುದೂ ಅದರಲ್ಲೇ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಹೊರಗಿನದು ಕುಡಿಸಿದರೆ ಚೀಪುವುದು ಕಡಿಮೆಯಾಗಿ ಹಾಲೂ ಇಳಿಯುತ್ತದೆ. ಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು ಅಳುವಿನಿಂದಲ್ಲ, ಉಚ್ಚೆಯಿಂದ. ಐದನೇ ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾದರೆ, ತೂಕ ಎರಡು ವಾರದೊಳಗೆ ಹುಟ್ಟಿದಾಗಿನಷ್ಟಕ್ಕೆ ಮರಳಿದರೆ ಚಿಂತೆ ಬೇಡ. ಈ ಒಂದು ಲೆಕ್ಕ ಅಜ್ಜಿಗೆ ತಿಳಿದರೆ ಡಬ್ಬಿ ಹಾಲು ಮನೆಗೆ ಬರುವುದೇ ತಪ್ಪುತ್ತದೆ.

ಬಾಣಂತನದ ಪದ್ಧತಿಗಳ ಬಗ್ಗೆ

ಹಳೆಯದೆಲ್ಲ ತಪ್ಪು ಎನ್ನುವ ತರಗತಿಯಿಂದ ಮನೆಯಲ್ಲಿ ಜಗಳವೇ ಹೆಚ್ಚು. ತಾಯಿಗೆ ವಿಶ್ರಾಂತಿ, ಹದವಾದ ಬಿಸಿನೀರು, ಹಗುರ ಕೈಯ ಎಣ್ಣೆ, ಬೆಚ್ಚನೆಯ ಕೋಣೆ, ಮೂರು ತಿಂಗಳು ಮನೆಕೆಲಸದಿಂದ ಬಿಡುವು, ಇವೆಲ್ಲ ನಮ್ಮ ಬಾಣಂತನದ ದೊಡ್ಡ ಗುಣಗಳು.  ಬಿಡಬೇಕಾದವನ್ನು ಮಾತ್ರ ಸ್ಪಷ್ಟವಾಗಿ ಬಿಡಬೇಕು:

ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬಾರದು. ಅದರಿಂದ ಏಳುವ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ಸಾಂಬ್ರಾಣಿ ಹೊಗೆ ಎಳೆಮಗುವಿನ ಶ್ವಾಸಕ್ಕೆ ಕೆಟ್ಟದ್ದು. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಬೇಡ, ಒಣಗಿದ್ದರೆ ಸಾಕು. ಕಿವಿಗೂ ಮೂಗಿಗೂ ಎಣ್ಣೆ ಬಿಡಬೇಡಿ, ಮಗುವಿನ ಎದೆ ಹಿಂಡಬೇಡಿ, ಕಣ್ಣಿಗೆ ಕಾಡಿಗೆ ಬೇಡ. ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಬೇಡವೇ ಬೇಡ. ಆರು ತಿಂಗಳು ತುಂಬುವವರೆಗೆ ನೀರೂ ಬೇಡ. ಬಾಣಂತಿಗೆ ಶೀತ, ನಂಜು ಎಂದು ನೀರು ಕಟ್ಟುವುದು, ಸೊಪ್ಪು, ತರಕಾರಿ, ಹಣ್ಣು ತಪ್ಪಿಸುವುದು ತಪ್ಪು. ಮುದ್ದೆ, ಸೊಪ್ಪಿನ ಸಾರು, ಬೇಳೆ, ಮೊಟ್ಟೆ ಎಲ್ಲವೂ ಬೇಕು, ಬಾಯಾರಿದಷ್ಟು ನೀರೂ ಬೇಕು.

ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಕಾಂಗರೂ ಆರೈಕೆ ಕಲಿಸುವಂತೆ ಕೇಳಿ. ಬರಿಮೈ ಮಗುವನ್ನು ತಾಯಿಯ ಬರಿ ಎದೆಗೆ ನೇರವಾಗಿ ಒರಗಿಸಿ ಬಟ್ಟೆ ಸುತ್ತುವ ವಿಧಾನವದು. ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

"ನಾರ್ಮಲ್ ಡೆಲಿವರಿ ಗ್ಯಾರಂಟಿ" ಎಂಬ ಮಾತಿಗೆ ಮರುಳಾಗುವುದು ಮೊದಲ ತಪ್ಪು. ಅಂಥ ಗ್ಯಾರಂಟಿ ಯಾರ ಕೈಯಲ್ಲೂ ಇಲ್ಲ. ಸಿಸೇರಿಯನ್ ಆದಾಗ "ನಾನು ಸರಿಯಾಗಿ ಮಾಡಲಿಲ್ಲ" ಎಂದು ತಾಯಿ ಕೊರಗುವುದಷ್ಟೇ ಅದರಿಂದ ಸಿಗುವ ಫಲ. ಗರ್ಭಸಂಸ್ಕಾರದ ಹೆಸರಿನಲ್ಲಿ ಹಾಡು ಕೇಳಿ, ಮನಸ್ಸಿಗೆ ಹಿತವೆನಿಸಿದರೆ ಒಳ್ಳೆಯದೇ. ಬುದ್ಧಿವಂತ ಮಗು ಹುಟ್ಟುತ್ತದೆಂದು ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ಬರೀ ಯೋಗಾಸನದ ತರಗತಿಯನ್ನೇ ಹೆರಿಗೆ ತರಗತಿ ಎಂದುಕೊಳ್ಳುವವರೂ ಇದ್ದಾರೆ. ಡಾಕ್ಟರನ್ನು ಕೇಳದೆ ಯಾವ ವ್ಯಾಯಾಮವನ್ನೂ ಶುರುಮಾಡಬೇಡಿ. ರಕ್ತಸ್ರಾವ ಆಗಿದ್ದರೆ, ಮಾಸು ಕೆಳಗಿದ್ದರೆ ಅದು ಅಪಾಯ.

ತರಗತಿಯಲ್ಲಿ ಹಾಲಿನ ಪುಡಿಯ ಡಬ್ಬಿಯನ್ನೋ ಬಾಟಲಿಯನ್ನೋ ಉಚಿತವಾಗಿ ಹಂಚಿದರೆ ಎದ್ದು ಬನ್ನಿ. 1992ರ ಕಾಯ್ದೆಯಡಿ ಅವುಗಳ ಪ್ರಚಾರವೇ ಅಪರಾಧ. ಹೊಕ್ಕುಳಬಳ್ಳಿಯ ರಕ್ತ ಶೇಖರಿಸಿಡಿ ಎಂದು ಹೆದರಿಸಿ ಸಹಿ ಹಾಕಿಸಿಕೊಳ್ಳುವ ಕಡೆಯೂ ಹುಷಾರು.

ಇನ್ನೊಂದು ಮಾತನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಲೇಬೇಕು. 2023ರಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಿಗೆ ಬಂತು. ತರಗತಿಯಲ್ಲೋ ಸ್ಕ್ಯಾನಿಂಗ್ ಸೆಂಟರಿನಲ್ಲೋ ಯಾರಾದರೂ ಗಂಡೋ ಹೆಣ್ಣೋ ತಿಳಿಸುತ್ತೇವೆ ಎಂದರೆ ಅವರ ಸಹವಾಸವೇ ಬೇಡ, ಆರೋಗ್ಯ ಇಲಾಖೆಗೆ ತಿಳಿಸಿ. 1994ರ ಕಾಯ್ದೆಯ ಪ್ರಕಾರ ಅದು ಶಿಕ್ಷಾರ್ಹ ಅಪರಾಧ.

ತಡಮಾಡದೆ ಹೊರಡಬೇಕಾದ ಲಕ್ಷಣಗಳು

ಒಳ್ಳೆಯ ತರಗತಿ ಇವನ್ನು ಬಾಯಿಪಾಠ ಮಾಡಿಸುತ್ತದೆ. ಬಸುರಿಗೆ: ರಕ್ತ ಹೋಗುವುದು, ನೀರು ಒಡೆಯುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಫಿಟ್ಸ್, ಜ್ವರ, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಬಾಣಂತಿಗೆ: ವಿಪರೀತ ರಕ್ತಸ್ರಾವ, ದುರ್ವಾಸನೆ, ಜ್ವರ, ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು. ಮಗುವಿಗೆ: ಹಾಲು ಬಿಡುವುದು, ಮಂಕಾಗುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ನಿಮಿಷಕ್ಕೆ 60ಕ್ಕೂ ಹೆಚ್ಚು ಉಸಿರು, ಎದೆಗೂಡು ಒಳಕ್ಕೆ ಎಳೆದುಕೊಳ್ಳುವುದು, ಫಿಟ್ಸ್, ಹುಟ್ಟಿದ ದಿನವೇ ಕಾಮಾಲೆ, ಅಂಗೈ ಅಂಗಾಲಿಗೆ ಹಳದಿ ಇಳಿಯುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನದೆ 108ಕ್ಕೆ ಫೋನ್ ಮಾಡಿ.

ಬಾಣಂತಿ ಕಾರಣವಿಲ್ಲದೆ ಅಳುವುದು, ಮಗುವಿನ ಕಡೆ ನೋಡದಿರುವುದು ಎರಡು ವಾರ ಮೀರಿದರೆ ಅದನ್ನು ಗಾಳಿ, ದೃಷ್ಟಿ ಎನ್ನಬೇಡಿ. ಅದು ಚಿಕಿತ್ಸೆಯಿರುವ ಕಾಯಿಲೆ. ಡಾಕ್ಟರಿಗೆ ತೋರಿಸಿ. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್, 14416. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಒಂದು ಕ್ಷಣವೂ ಒಂಟಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಡೆಯ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಕೇಳಿಕೊಳ್ಳಬೇಕಾದದ್ದು

ಹೆರಿಗೆ ಕೋಣೆಗೆ ಜೊತೆಗಾರ್ತಿಯನ್ನು ಬಿಡುತ್ತಾರೆಯೇ ಎಂದು ಮುಂಚೆಯೇ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಹೆರಿಗೆಯ ಅನುಭವ ಇರುವ ಹೆಂಗಸಾದರೆ ಒಳ್ಳೆಯದು, ಮರೆಯ ವ್ಯವಸ್ಥೆ ಇರುವ ಕಡೆ ಗಂಡನೂ ಇರಬಹುದು. ನಿಮ್ಮ ಜೊತೆ ತರಗತಿಗೆ ಬಂದವರನ್ನೇ ಒಳಗೆ ಕರೆದುಕೊಳ್ಳಿ. ಮಗುವಿಗೆ ವಿಟಮಿನ್ ಕೆ ಇಂಜೆಕ್ಷನ್, ಬಿ.ಸಿ.ಜಿ., ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಆದದ್ದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳದೆ ಆಸ್ಪತ್ರೆ ಬಿಡಬೇಡಿ. ಮುಂದಿನ ಲಸಿಕೆ ಒಂದೂವರೆ ತಿಂಗಳಿಗೆ. ಆಗ ನೀವು ಇನ್ನೂ ತವರಿನಲ್ಲೇ ಇರುವುದರಿಂದ, ಆ ಊರಿನ ಸಿಸ್ಟರ್ ಮತ್ತು ಆಶಾ ಇಬ್ಬರ ಫೋನ್ ನಂಬರನ್ನೂ ಕಾರ್ಡಿನ ಮೇಲೆಯೇ ಬರೆದಿಟ್ಟುಕೊಳ್ಳಿ.